ಅಜ್ಜಪ್ಪನ ಖರೆ ಹೆಸರು

ಸೂಡಿಯ ಚಾವಡಿಯಲ್ಲಿ ಜನ ಗುಂಪಾಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತಾಡುತ್ತಿದ್ದರು. ನಾನು ಕುದುರೆ ಕಟ್ಟಿ, ಧೋತರದ ಧೂಳು ಝಾಡಿಸಿ, ಕಾಗದದ ಗಂಟು ಹೊತ್ತು ಮೆಟ್ಟಿಲೇರುವಷ್ಟರಲ್ಲಿ ಅಲ್ಲಿ ಚಾಪೆಯೊಂದೇ ಉಳಿದಿತ್ತು. ಇನಾಮು ಚೌಕಶಿಯ ಕಾರಕೂನನಿಗೆ ಊರೂರಲ್ಲೂ ಇದೇ ಸ್ವಾಗತ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ, ಹೋಗಲಿ, ಚಾಪೆಯನ್ನಾದರೂ ಬಿಟ್ಟು ಹೋದರಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದನ್ನು ಕಲಿತೆ.

ನನ್ನ ಕೆಲಸವೇ ಅಂಥದು. ಕಂದಾಯವಿಲ್ಲದೆ ನಡೆದು ಬಂದ ಇನಾಮು ಹೊಲಗಳನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಈಗ ಉಣ್ಣುವವನು ಅಂದು ಪಡೆದವನಿಗೆ ಏನಾಗಬೇಕು ಎಂಬುದನ್ನು ಕಂಪನಿ ಸರಕಾರ ತಿಳಿಯಬೇಕಾಗಿತ್ತು. ಅದಕ್ಕಾಗಿ ನಾನು ಮನೆಮನೆಯ ವಂಶಾವಳಿ ಬರೆದುಕೊಳ್ಳಬೇಕು. ಪಡೆದವನಿಂದ ಮಗ, ಮಗನಿಂದ ಮೊಮ್ಮಗ ಎಂದು ಗಂಡುಸಾಲು ತುಂಡಾಗದೆ ಬಂದಿದ್ದರೆ ಹೊಲ ಅವರದು. ನಡುವೆ ಹೊರಗಿನವನೊಬ್ಬ ಹೊಕ್ಕಿದ್ದರೆ ಹೊಲ ಸರಕಾರಕ್ಕೆ. ಸಾಲನ್ನು ತುಂಡು ಮಾಡುವುದು ಸಾವಲ್ಲ, ನನ್ನ ಲೇಖಣಿ ಎಂದೇ ಜನ ನಂಬಿದ್ದರು. ಆ ನಂಬಿಕೆ ಪೂರಾ ತಪ್ಪು ಎಂದು ಹೇಳಲು ನನಗೂ ಬಾಯಿ ಬರುತ್ತಿರಲಿಲ್ಲ.

ರೋಣದಲ್ಲಿ ಕಚೇರಿಯ ಹಿಂದಿನ ಓಣಿಯಲ್ಲಿ ನನಗೊಂದು ಕೋಣೆ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಧಾರವಾಡದ ಮನೆಗೆ ಬೀಗ ಹಾಕಿ ಬಂದವನು ನಾನು. ನಾನೇ ಅಡಿಗೆ ಮಾಡಿ, ನಾನೇ ಬಡಿಸಿಕೊಂಡು, ಉಪ್ಪು ಕಡಿಮೆಯಾಯಿತೆಂದು ನನ್ನನ್ನೇ ಬೈದುಕೊಳ್ಳುವ ಸಂಸಾರ. ತಾಲೂಕಿನ ಎಷ್ಟೋ ಮನೆಗಳ ಮುತ್ತಜ್ಜಂದಿರ ಹೆಸರು ನನಗೆ ಬಾಯಿಪಾಠವಾಗಿತ್ತು. ನನ್ನ ಹೆಸರು ಮಾತ್ರ ಅಲ್ಲಿ ಒಬ್ಬರಿಗೂ ಬೇಕಿರಲಿಲ್ಲ. ಕಚೇರಿಯಲ್ಲಿ ಕಾರಕೂನರು, ಊರೊಳಗೆ ರಾಯರು, ಬೆನ್ನ ಹಿಂದೆ ಚೌಕಶಿಯಾಂವ. ತಾಯಿ ಹೋದ ಮೇಲೆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ, ಮತ್ತು ಅದು ನನಗೆ ಬಹಳ ನೋವಿನ ಸಂಗತಿಯಾಗಿತ್ತು.

ಸೂಡಿಗೆ ನಾನು ಬಂದದ್ದು ಒಂದೇ ಹೊಲದ ಸಲುವಾಗಿ. ರೋಣದ ದಾರಿಗೆ ಹತ್ತಿದ ಒಳ್ಳೆಯ ಎರೆಹೊಲ. ಹಿಂದೆ ಕಳಕಪ್ಪ ಎಂಬವನು ಗಜೇಂದ್ರಗಡದ ಕೋಟೆಗೋಡೆಯ ಮೇಲೆ ಕಾದಾಡಿ ಸತ್ತಾಗ ಅವನ ಮನೆಗೆ ಕೊಟ್ಟದ್ದು. ಇಂಥ ಹೊಲಕ್ಕೆ ನಮ್ಮ ಕಡೆ ನೆತ್ತರುಕೊಡಗಿ ಎನ್ನುತ್ತಾರೆ. ಮನೆಯವರ ಹತ್ತಿರ ಇದ್ದ ಸನದನ್ನು, ಅಂದರೆ ಹೊಲ ಕೊಟ್ಟ ಕಾಗದವನ್ನು, ಗೆದ್ದಲು ತಿಂದಿತ್ತು. ನಾನು ಮೊದಲು ಗಜೇಂದ್ರಗಡಕ್ಕೆ ಹೋಗಿ ವಾಡೆಯ ಹಳೆಯ ಕಾಗದದ ರುಮಾಲುಗಳನ್ನು ಬಿಚ್ಚಿಸಿ, ಧೂಳಿಗೆ ಸೀನುತ್ತ, ಅದರ ಮರಾಠಿ ಮೋಡಿ ಅಕ್ಷರದ ನಕಲೊಂದನ್ನು ಹುಡುಕಿ ತೆಗೆದೆ. ಕೊಟ್ಟದ್ದು ಖರೆ ಎಂದು ಅಲ್ಲಿಗೆ ಗಟ್ಟಿಯಾಯಿತು. ಇನ್ನು ಉಳಿದದ್ದು ಸಾಲು.

ಸೂಡಿಯ ಕುಲಕರ್ಣಿಯವರು ತಮ್ಮ ಮನೆಯ ಅಟ್ಟದಿಂದ ಕಡತಗಳನ್ನು ಇಳಿಸಿಕೊಟ್ಟರು. ಹುಣಸೆಬೀಜದ ಸರಿ ಬಳಿದು, ಇದ್ದಿಲು ಹಚ್ಚಿ ಕಪ್ಪು ಮಾಡಿದ ಅರಿವೆಯ ಮಡಿಕೆಗಳು. ಮೇಲೆ ಬಳಪದ ಬರಹ. ಮಡಿಕೆ ಇದ್ದಲ್ಲೆಲ್ಲ ಅಕ್ಷರ ಅಳಿಸಿ ಹೋಗುತ್ತದೆ, ಮತ್ತು ಬೇಕಾದ ಹೆಸರು ಯಾವಾಗಲೂ ಮಡಿಕೆಯ ಮೇಲೆಯೇ ಇರುತ್ತದೆ. ಅಂತೂ ಬಿಸಿಲಿಗೆ ಓರೆ ಹಿಡಿದು ಓದಿದೆ. ಹೊಲ ಮೊದಲು ಕಳಕಪ್ಪನ ಮಗ ಸಂಗಪ್ಪನ ಹೆಸರಿನಲ್ಲಿತ್ತು. ಆಮೇಲೆ, ಕಂಪನಿ ಸರಕಾರ ಬಂದ ಹೊತ್ತಿಗೆ, ಅಜ್ಜಪ್ಪ ಎಂಬವನ ಹೆಸರಿನಲ್ಲಿತ್ತು. ಅಜ್ಜಪ್ಪ ಯಾರ ಮಗನೆಂದು ಬರೆದಿರಲಿಲ್ಲ.

"ನಮ್ಮಪ್ಪಾರಿ ಅಂವಾ," ಎಂದ ಈಗ ಹೊಲ ಉಳುತ್ತಿದ್ದವನು. ನಲವತ್ತರ ಹತ್ತಿರದ ಗಟ್ಟಿಮುಟ್ಟಾದ ಒಕ್ಕಲಿಗ. ಅವನ ಹೆಸರೂ ಅಜ್ಜನ ಹೆಸರೇ, ಸಂಗಪ್ಪ.

"ಅಪ್ಪನ್ನ ನೋಡೀಯೇನು?"

"ಇಲ್ರಿ. ನಾ ಅವ್ವನ ಹೊಟ್ಯಾಗಿದ್ದಾಗ ಹೇರೆತ್ತಿನ ಮಂದಿ ಕೂಡ ಹತ್ತಿ ಹೇರಿಕೊಂಡು ಕುಮಟಾಕ್ಕ ಹೋದಾಂವ. ಅಲ್ಲಿಂದ ಉಪ್ಪ ತರಬೇಕಿತ್ತು. ತಿರುಗಿ ಬರಲಿಲ್ಲ."

ಹುಟ್ಟುವ ಮೊದಲೇ ಹೋದ ಅಪ್ಪನ ಬಗ್ಗೆ ಮಗ ಹೇಳಿದ್ದು ಕೇಳಿದ ಮಾತಾಗುತ್ತದೆ, ಕಂಡ ಮಾತಲ್ಲ. ಊರಿನ ಹಿರಿಯರನ್ನು ವಿಚಾರಿಸಿದೆ. ಅಜ್ಜಪ್ಪ ಹೋದಾಗ ಅವರೆಲ್ಲ ದನ ಕಾಯುವ ಹುಡುಗರು. ಆ ಮನೆಯವನು ಎಂದಷ್ಟೇ ಅವರು ಬಲ್ಲರು. ಸಂಗಪ್ಪನ ಹೊಟ್ಟೆಯ ಮಗನೋ, ಮನೆಯಾಳಾಗಿ ಬಂದು ಉಳಿದವನೋ, ಆಣೆ ಮಾಡಿ ಹೇಳಲು ಯಾರೂ ಮುಂದೆ ಬರಲಿಲ್ಲ. ನನಗೆ ಇನ್ನೊಂದು ಪುರಾವೆ ಬೇಕಾಯಿತು.

ಹಿಂದೆ ಗಜೇಂದ್ರಗಡದ ಲೆಕ್ಕ ಬರೆಯುತ್ತಿದ್ದ ಮುದುಕರೊಬ್ಬರು ನರಗುಂದದಲ್ಲಿ ಮಗಳ ಮನೆಯಲ್ಲಿದ್ದಾರೆಂದು ಕೇಳಿ ಅಲ್ಲಿಗೆ ಕುದುರೆ ಬಿಟ್ಟೆ. ಹೋಗಬಾರದ ಕಾಲದಲ್ಲಿ ಹೋದೆ. ಆಗ ನರಗುಂದದ ಸಂಸ್ಥಾನದಲ್ಲಿ ದತ್ತಕದ ಮಾತೇ ಮಾತು. ಮಕ್ಕಳಿಲ್ಲದ ಮನೆತನದ ವಂಶಕ್ಕೆ ಸರಕಾರ ಕೈ ಹಾಕುತ್ತದೆಂದು ಊರೆಲ್ಲ ಕುದಿಯುತ್ತಿತ್ತು. ಅಂಥಲ್ಲಿ ವಂಶ ಕೇಳುತ್ತ ಬಂದವನಿಗೆ ಯಾರು ಬಾಗಿಲು ತೆರೆಯುತ್ತಾರೆ? ಮುದುಕರ ಅಳಿಯ ಹೊರಗೆ ಬಂದು, "ಮಾವನವರಿಗೆ ಕಿವಿ ಕೇಳಸಂಗಿಲ್ಲ," ಎಂದ. ಒಳಗಿನಿಂದ, "ಯಾರೋ ಅಂವಾ?" ಎಂಬ ಮಾತು ಸ್ಪಷ್ಟವಾಗಿ ಬಂತು. ಅದು ಅಳಿಯನಿಗೂ ಕೇಳಿಸಿತು, ನನಗೂ ಕೇಳಿಸಿತು. ಅವನು ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದ. ಗುಡ್ಡದ ಬುಡದ ಗುಡಿಯಲ್ಲಿ ಆ ದಿನ ಅವಲಕ್ಕಿ ನೆನೆಸಿ ತಿಂದೆ. ಪೂಜಾರಿ ಕೂಡ ಪ್ರಸಾದ ಕೊಟ್ಟು ಮುಖ ತಿರುಗಿಸಿದ.

ತಿರುಗಿ ಬರುವಾಗ ಚಿಕ್ಕನರಗುಂದದ ಹೊರಗೆ ಹೆಳವರ ಬಿಡಾರ ಕಂಡಿತು. ಎತ್ತಿನ ಮೇಲೆ ಕೂತು ಮನೆಮನೆಗೆ ಬಂದು, ಆ ಮನೆಯ ಹಿರಿಯರ ಹೆಸರನ್ನೆಲ್ಲ ಸಾಲಾಗಿ ಹೊಗಳಿ, ಕಾಳು ಪಡೆದು ಹೋಗುವ ಜನ. ಸೂಡಿ ಯಾರ ಪಾಲಿಗೆ ಬರುತ್ತದೆಂದು ಕೇಳಿದೆ. ಕೆಂಪು ರುಮಾಲಿನ ಒಬ್ಬ ಎದ್ದು ಬಂದ. ಜೊತೆಗಿದ್ದ ಕಚೇರಿಯ ಸಿಪಾಯಿಯನ್ನು ಸಾಕ್ಷಿ ಕೂರಿಸಿಕೊಂಡು ಕಾಗದ ಬಿಚ್ಚಿದೆ. ಹೆಳವ ಕೈ ಕಿವಿಗಿಟ್ಟು ರಾಗ ಎಳೆದ.

"ಕೋಟಿಗೋಡಿ ಕಾದ ಕಳಕಪ್ಪ, ಕಳಕಪ್ಪನ ಹೊಟ್ಟೀಲೆ ಸಂಗಪ್ಪ, ಸಂಗಪ್ಪನ ಹೊಟ್ಟೀಲೆ ಕಳಕಪ್ಪ, ಕಳಕಪ್ಪನ ಹೊಟ್ಟೀಲೆ ಈಗಿನ ಸಂಗಪ್ಪ."

ನನ್ನ ಕೈ ನಿಂತಿತು. "ನಡುವ ಅಜ್ಜಪ್ಪ ಎಲ್ಲಿ ಬರ್ತಾನ?"

"ಯಾವ ಅಜ್ಜಪ್ಪರಿ? ಆ ಹೆಸರ ನಮ್ಮ ಬಾಯಾಗ ಇಲ್ಲ. ತೊಟ್ಟಲದಾಗ ಹಾಕಿ ಏನ ಹೆಸರ ಇಡ್ತಾರ ಅದನ್ನ ನಾವು ಹಿಡೀತೀವಿ. ಸಂಗಪ್ಪಗ ಒಬ್ಬಾನ ಮಗ, ಕಳಕಪ್ಪ. ಇನ್ನೊಬ್ಬಾಂವ ಇದ್ದಿದ್ರ ಅವನ ಹೆಸರಲೆ ನಮಗ ಇನ್ನೊಂದು ಮೊರ ಜ್ವಾಳ ಬರ್ತಿತ್ತು. ಬಿಡ್ತಿದ್ವೇನ್ರಿ? ಈಗಿನ ಸಂಗಪ್ಪ ಹುಟ್ಟಿದ ಮ್ಯಾಲೆ, ಗಂಡಸರ ಇಲ್ಲದ ಮನಿ ಅಂತ ಅಲ್ಲಿ ಹಾಡೂದ ಬಿಟ್ಟೀವ್ರಿ."

ಕಡತದ ಪ್ರಕಾರ ಹೊಲ ಉಂಡವನು ಅಜ್ಜಪ್ಪ. ಹೆಳವನ ಪ್ರಕಾರ ಸಂಗಪ್ಪನ ಮಗ ಕಳಕಪ್ಪ. ಅಜ್ಜಪ್ಪನೆಂಬವನು ಆ ಮನೆಯಲ್ಲಿ ಹುಟ್ಟಿಯೇ ಇಲ್ಲ. ಎರಡನ್ನೂ ನನ್ನ ಮೇಲಿನ ಇಂಗ್ಲಿಷ್ ಸಾಹೇಬನ ಮುಂದೆ ಇಟ್ಟರೆ ಅವನು ಓದುವುದು ಒಂದೇ ರೀತಿ: ಸಾಲು ತುಂಡಾಗಿದೆ, ಹೊರಗಿನವನು ಹೊಕ್ಕಿದ್ದಾನೆ, ಹೊಲ ಸರಕಾರಕ್ಕೆ. ಹೊಲವನ್ನು ಗಟ್ಟಿ ಮಾಡಲು ಪುರಾವೆ ಹುಡುಕಿ ಹೋದ ನಾನೇ ಅದರ ಬುಡಕ್ಕೆ ಕೊಡಲಿ ಹಾಕಿದ್ದೆ. ಹೆಳವನ ಹೆಬ್ಬೆಟ್ಟು ಕಾಗದದ ಮೇಲೆ ಬಿದ್ದಾಗಿತ್ತು, ಸಿಪಾಯಿ ನೋಡಿದ್ದ. ಹರಿದು ಹಾಕುವ ಜಾಯಮಾನದವನು ನಾನಲ್ಲ. ರೋಣದ ಕೋಣೆಯಲ್ಲಿ ಆ ಎರಡು ಕಾಗದಗಳನ್ನು ಎದುರಿಗಿಟ್ಟುಕೊಂಡು ಊಟ ಸೇರದೆ ಕೂತೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕೆನಿಸಿತು. ಗೋಡೆಗೆ ಹೇಳಿದೆ.

ಮತ್ತೆ ಸೂಡಿಗೆ ಹೋದದ್ದು ಕಡತವನ್ನು ಇನ್ನೊಮ್ಮೆ ನೋಡೋಣವೆಂದು. ಕುಲಕರ್ಣಿಯವರ ಮನೆಯ ದಾರಿಯಲ್ಲಿ ಆ ಹೊಲದವರ ಮನೆ ಬರುತ್ತದೆ. ಮುದುಕಿಯೊಬ್ಬಳು ಅಂಗಳದಲ್ಲಿ ನಿಂತು ಕೊಟ್ಟಿಗೆಯ ಕಡೆಗೆ ಕೂಗುತ್ತಿದ್ದಳು.

"ಹಿರ್ಯಾ, ಏ ಹಿರ್ಯಾ, ಎತ್ತಿಗಿ ನೀರ ಕುಡಿಸಿದೇನೋ?"

ಹೊರಗೆ ಬಂದವನು ಸಂಗಪ್ಪ. ಆಕೆ ಅವನ ತಾಯಿ, ಅಜ್ಜಪ್ಪನ ಹೆಂಡತಿ. ನನ್ನನ್ನು ಕಂಡು ಸೆರಗು ಹೊದ್ದು ಒಳಗೆ ಸರಿದಳು. ನಾನು ಅವನನ್ನು ಕೇಳಿದೆ, "ಅಲ್ಲೋ, ನಿನ್ನ ಹೆಸರ ಸಂಗಪ್ಪ ಅಲ್ಲೇನು? ಹಿರ್ಯಾ ಅಂತಾಳಲ್ಲ?"

"ನಂದು ಅಜ್ಜನ ಹೆಸರ್ರಿ. ಅವ್ವಗ ಅಂವಾ ಮಾವ. ಮಾವನ ಹೆಸರ ಬಾಯಿಲೆ ಹ್ಯಾಂಗ ಅಂದಾಳು? ಅದಕ್ಕ ಹಿರ್ಯಾ ಅಂತಾಳ. ಓಣ್ಯಾಗ ಎಲ್ಲಾರೂ ಹಂಗ ಅಂತಾರ."

ಬಿಸಿಲಲ್ಲಿ ಅಲ್ಲೇ ನಿಂತುಬಿಟ್ಟೆ. ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಸೀಮೆಯ ಪದ್ಧತಿ. ಸೊಸೆಯಾದವಳು ಮಾವನ ಹೆಸರು ಹೇಳದಿರುವುದೂ ನಮ್ಮ ಪದ್ಧತಿ. ಹೀಗಾಗಿ ತಾಯಿ ಹೆತ್ತ ಮಗನನ್ನೇ ಅವನ ಹೆಸರಿನಿಂದ ಕರೆಯಲಾರಳು. ಒಂದು ತಲೆ ಹಿಂದೆ ಹೋದರೆ ಇದೇ ಕಥೆ. ಹಿರಿಯ ಸಂಗಪ್ಪನ ಹೆಂಡತಿಗೆ ಕೋಟೆಗೋಡೆಯ ಕಳಕಪ್ಪ ಮಾವ. ಅವನ ಹೆಸರನ್ನೇ ಹೊತ್ತ ಮಗನನ್ನು ಆಕೆ ಅಜ್ಜಪ್ಪ ಎಂದು ಕರೆದಿದ್ದಾಳೆ. ಓಣಿಯೂ ಕರೆದಿದೆ, ಊರೂ ಕರೆದಿದೆ, ಕೊನೆಗೆ ಅಂದಿನ ಕುಲಕರ್ಣಿಯೂ ಅದನ್ನೇ ಕಡತದಲ್ಲಿ ಬರೆದಿದ್ದಾನೆ. ಹಿರಿಯ ಸಂಗಪ್ಪನೂ ಅವನ ಮಗನೂ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ಅದು ಮಾವನ ಹೆಸರು, ಸೊಸೆಗೆ ಗಂಡನ ಹೆಸರು. ಇಬ್ಬರೂ ಬಾಯಿ ಬಿಡುವ ಹಾಗಿಲ್ಲ. ಅವರ ನಡುವೆ ಬೆಳೆದ ಮಗನಿಗೆ ತನ್ನ ಅಪ್ಪನ ಖರೆ ಹೆಸರೇ ಗೊತ್ತಿಲ್ಲ.

ನನಗೆ ಗೊತ್ತಾಯಿತು, ಸರಿ. ಆದರೆ ಕಾರಕೂನನಿಗೆ ಗೊತ್ತಾದದ್ದು ಪುರಾವೆಯಲ್ಲ. ಅಜ್ಜಪ್ಪನೇ ಕಳಕಪ್ಪ ಎಂದು ಕಂಡು ಬಲ್ಲವರೊಬ್ಬರು ಪಂಚರ ಎದುರು ಹೇಳಬೇಕು. ಬಲ್ಲವಳು ಭೂಮಿಯ ಮೇಲೆ ಒಬ್ಬಳೇ ಇದ್ದಳು.

ಮಾರನೆಯ ದಿನ ಆಕೆಯನ್ನು ಚಾವಡಿಗೆ ಕರೆಸಿದೆ. ಗೌಡರೂ ಕುಲಕರ್ಣಿಯವರೂ ಪಂಚರು. ಆಕೆ ಕಂಬಕ್ಕೆ ಒರಗಿ, ಸೆರಗನ್ನು ಹಣೆಯ ತನಕ ಎಳೆದುಕೊಂಡು ಕೂತಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಊರವರೆಲ್ಲ ಅಜ್ಜಪ್ಪನನ್ನು ಸತ್ತವರ ಲೆಕ್ಕಕ್ಕೆ ಹಾಕಿ ಎಷ್ಟೋ ವರ್ಷವಾಗಿದ್ದರೂ ಆಕೆ ಬಳೆ ಒಡೆದಿರಲಿಲ್ಲ.

"ಯವ್ವಾ, ನಿನ್ನ ಗಂಡ ಯಾರ ಮಗ?"

"ನಮ್ಮ ಮಾವನ ಮಗಾರಿ."

"ಮಾವ ಯಾರು?"

"ನನ್ನ ಗಂಡನ ಅಪ್ಪಾರಿ."

ಬರೆದುಕೊಂಡೆ. ಇಷ್ಟು ಖರೆಯಾದ ಕೈಫಿಯತ್ತು ನನ್ನ ಗಂಟಿನಲ್ಲಿ ಇನ್ನೊಂದಿರಲಿಲ್ಲ. ಇಷ್ಟು ಉಪಯೋಗವಿಲ್ಲದ್ದೂ ಇರಲಿಲ್ಲ. ಗೌಡರು, "ರಾಯರ, ನೀವ ಹೆಸರ ಹೇಳ್ರಿ, ಆಕಿ ಹೂಂ ಅಂತಾಳ," ಎಂದರು. ಅದು ನಡೆಯುವಂತಿರಲಿಲ್ಲ. ಹಾಗೆ ಗೋಣು ಹಾಕಿಸಿ ಬರೆದ ಒಂದು ಕಾಗದವನ್ನು ಸಾಹೇಬ ಹಿಂದೆ ನನ್ನ ಮುಖಕ್ಕೆ ಎಸೆದಿದ್ದ. ಹೆಸರು ಹೇಳುವವರ ಬಾಯಿಂದಲೇ ಬರಬೇಕು.

ಮಗ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಒಮ್ಮೆ ಅಂದಬಿಡವ್ವ. ಹೊಲ ಕೈಬಿಟ್ಟು ಹೋಗತೈತಿ. ನಾಳೆ ಮಕ್ಕಳಿಗಿ ಏನ ಉಣ್ಣಾಕ ಹಾಕ್ಲಿ?"

"ಗಂಡನ ಹೆಸರ ಅಂದ್ರ ಆಯುಷ್ಯ ಕಡಿಮಿ ಆಕ್ಕೈತಿ," ಎಂದಳು ಆಕೆ ನೆಲ ನೋಡುತ್ತ.

ಗೌಡರಿಗೆ ತಾಳ್ಮೆ ತಪ್ಪಿತು. "ಹೋದಾಂವಗ ಇನ್ಯಾತರ ಆಯುಷ್ಯ, ಯವ್ವಾ?"

ಆಕೆ ತಲೆ ಎತ್ತಿ ಅವರನ್ನು ನೋಡಿದಳು. "ನಿಮ್ಮ ಪಾಲಿಗಿ ಹೋಗ್ಯಾರ್ರಿ ಗೌಡ್ರ." ಎದ್ದು ಹೊರಟುಹೋದಳು. ಮಗ ಸಿಟ್ಟಿನಿಂದ ಬಾರುಕೋಲನ್ನು ಕಂಬಕ್ಕೆ ಬಡಿದ.

ಆ ಸಂಜೆ ಕುಲಕರ್ಣಿಯವರು ಒಂದು ಉಪಾಯ ತಂದರು. ಹೆಂಗಸರು ಗಂಡನ ಹೆಸರು ಹೇಳುವ ಸಂದರ್ಭ ಒಂದೇ: ಒಡಪು. ಮದುವೆಯಲ್ಲಿ, ಬಸುರಿಗೆ ಉಡಿ ತುಂಬುವ ಕುಬಸದಲ್ಲಿ ಸುತ್ತಲಿನ ಹೆಂಗಸರು ಕಾಡಿ, ದಾರಿ ಅಡ್ಡಗಟ್ಟಿ ಕೇಳಿದಾಗ, ಪದ್ಯದಂಥ ಎರಡು ಸಾಲು ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಇಟ್ಟು ಹೇಳುತ್ತಾರೆ. ಹಾಗೆ ಹೇಳಿದರೆ ದೋಷವಿಲ್ಲ. ಗೌಡರ ಮನೆಯಲ್ಲಿ ಸೊಸೆಯ ಕುಬಸ ಹತ್ತಿರ ಬಂದಿತ್ತು.

"ಹೆಂಗಸರ ಕೈಲೆ ಕಾಡಸೋಣ್ರಿ. ನಾವು ಗ್ವಾಡಿ ಹಿಂದ ಕುಂತ ಕೇಳೂಣು. ಮುದುಕಿಗಿ ಗೊತ್ತ ಆಗಾಂಗಿಲ್ಲ," ಎಂದರು.

ಉಪಾಯವೇನೋ ಸೊಗಸಾಗಿತ್ತು. ನಾನು ಹೂಂ ಎಂದೂ ಅಂದೆ. ಆದರೆ ಮಲಗಲು ಹೋದವನಿಗೆ ನನ್ನ ಹೆಂಡತಿಯ ನೆನಪಾಯಿತು. ಮದುವೆಯಾಗಿ ಮನೆ ಹೊಕ್ಕ ದಿನ ಬಾಗಿಲಲ್ಲಿ ನನ್ನ ಅಕ್ಕಂದಿರು ಅವಳನ್ನು ತಡೆದು ಒಡಪು ಹೇಳಿಸಿದ್ದರು. ಅಂದು ಆ ಹುಡುಗಿ ನನ್ನ ಹೆಸರು ಹೇಳಿದ ಸಣ್ಣ ದನಿ, ಇನ್ನೊಮ್ಮೆ ಕೇಳಲು ಸಿಗಲೇ ಇಲ್ಲ. ಅಂಥ ದನಿಯನ್ನು ಗೋಡೆಯ ಹಿಂದೆ ಅಡಗಿ ಕದಿಯುವುದೆಂದರೆ ನನಗೆ ಹೇಸಿಗೆಯಾಯಿತು. ಆಕೆಗೆ ಹೇಳಿಯೇ ಕೇಳಬೇಕು. ಒಲ್ಲೆ ಎಂದರೆ ಹೊಲ ಹೋಗಲಿ ಎಂದು ನಿಶ್ಚಯಿಸಿದೆ. ಹೋಗುವುದು ನನ್ನ ಹೊಲವಲ್ಲ, ಆದ್ದರಿಂದ ನಿಶ್ಚಯ ಸುಲಭವಾಯಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಬೆಳಿಗ್ಗೆ ಆಕೆ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಬದುವಿನ ಮೇಲೆ ನಿಂತು ಹೇಳಿದೆ, "ಯವ್ವಾ, ಚಾವಡಿಯೊಳಗ ಕೇಳಿದ್ದು ತಪ್ಪಾತು. ಒಡಪಿನ್ಯಾಗ ಹೇಳ್ತೀಯೇನು? ಗೌಡ್ರ ಮನಿ ಕುಬಸದಾಗ. ನಾವು ಪಡಸಾಲ್ಯಾಗ ಕುಂತು ಕೇಳಿಸಿಕೊಂಡು ಬರಕೋತೀವಿ. ನಿನಗ ಗೊತ್ತಿರಲಿ ಅಂತ ಮೊದಲ ಹೇಳಾಕ ಬಂದೆ."

ಆಕೆ ಕಳೆ ತೆಗೆಯುವ ಕುರ್ಚಿಗಿಯನ್ನು ಕೆಳಗಿಟ್ಟಳು.

"ನನಗ ಒಡಪ ಕೇಳೋರ ಯಾರ್ರಿ?" ಎಂದಳು. "ಕುಬಸಕ್ಕ ನನ್ನ ಕರಿಯೂದ ಬಿಟ್ಟಾರ. ಮುತ್ತೈದಿ ಅಂತ ಕರದ್ರ ಬಸರಿಗಿ ಕೇಡ ಅಂತ ಅಂಜಿಕಿ. ರಂಡಮುಂಡಿ ಅಂತ ಬಿಡೂಣಂದ್ರ ನನ್ನ ಕೈಯಾಗ ಬಳಿ ಅದಾವು. ಎರಡೂ ಕಡೆ ಇಲ್ಲದಾಕಿ ನಾ."

ನಾನು ಬದುವಿನ ಮೇಲೆ ಕೂತೆ.

"ಹೇಳ್ತೀನಿ," ಎಂದಳು ಆಮೇಲೆ. "ಆದ್ರ ಖರೇನ ಕೇಳಬೇಕು. ಹಾದಿ ಅಡ್ಡಗಟ್ಟಿ, ಎಲ್ಲಾರಿಗಿ ಕೇಳಿದಂಗ ಕೇಳಬೇಕು. ಇನ್ನೊಂದು, ಒಡಪ ಹೇಳಾಕಿ ಮುತ್ತೈದಿ ರಾಯರ. ಮುತ್ತೈದಿ ಬಾಯಿಲೆ ಹೆಸರ ಕೇಳಿ, ಕಾಗದದಾಗ ಗಂಡ ಸತ್ತಾನಂತ ಬರದ್ರ ನಾ ಹೇಳಿದ್ದ ಸುಳ್ಳ ಆಕ್ಕೈತಿ. ಹಂಗ ಬರಿಯೂದಿದ್ರ ಕೇಳಬ್ಯಾ‍ಡ್ರಿ."

ಅದು ನನಗೆ ಹೊಳೆದಿರಲೇ ಇಲ್ಲ. ವಂಶಾವಳಿಯಲ್ಲಿ ಪ್ರತಿ ಹೆಸರಿನ ಮುಂದೆ ಹಯಾತ ಅಥವಾ ಮಯತ, ಅಂದರೆ ಬದುಕಿದ್ದಾನೆ ಅಥವಾ ಸತ್ತಿದ್ದಾನೆ ಎಂದು ಬರೆಯಬೇಕು. ಅಜ್ಜಪ್ಪನ ಮುಂದೆ ಮಯತ ಎಂದು ಬರೆದು ಮಗನ ಹೆಸರಿಗೆ ಹೊಲ ಹಚ್ಚಬೇಕೆಂದು ನಾನು ಮನಸ್ಸಿನಲ್ಲೇ ಗೆರೆ ಎಳೆದು ಇಟ್ಟಿದ್ದೆ. ಆಕೆ ಹೇಳಿದ್ದು ಕಾಯದೆಯ ಪುಸ್ತಕದಲ್ಲಿ ಇಲ್ಲದಿರಬಹುದು. ಆದರೆ ನೇರವಾದ ಮಾತು. ಸಾಕ್ಷಿ ಬೇಕು, ಸಾಕ್ಷಿ ನಿಂತ ನೆಲ ಬೇಡ ಎಂದರೆ ಹೇಗೆ?

"ಬರಿಯೂದಿಲ್ಲ," ಎಂದೆ. ಮಾತು ಕೊಟ್ಟಾದ ಮೇಲೆ ಸಾಹೇಬನ ನೆನಪಾಯಿತು. ವರ್ಷಾನುಗಟ್ಟಲೆ ಕಾಣದವನನ್ನು ಬದುಕಿದ್ದಾನೆಂದು ಬರೆದ ಕಾರಕೂನನನ್ನು ಸಾಹೇಬ ಸುಮ್ಮನೆ ಬಿಡುವವನಲ್ಲ.

ಇನ್ನು ಉಳಿದದ್ದು ಗೌಡ್ತಿ. ಗೌಡರು, "ಅದು ಹೆಂಗಸರ ಕಾರಭಾರ, ನನ್ನ ಕೇಳಬ್ಯಾಡ್ರಿ," ಎಂದು ಕೈ ತೊಳೆದುಕೊಂಡರು. ಪಡಸಾಲೆಯಲ್ಲಿ ಕೂತು, ಬಾಗಿಲ ಮರೆಯಲ್ಲಿ ನಿಂತ ಗೌಡ್ತಿಗೆ ನಾನೇ ಎಲ್ಲ ಹೇಳಿದೆ. ಒಳಗಿನಿಂದ ಬಳೆಯ ಸದ್ದು ಕೇಳಿತು.

"ಚೊಚ್ಚಲ ಬಸರಿ ಐತ್ರಿ ರಾಯರ," ಎಂದಳು ಕೊನೆಗೆ. "ಏನರ ಹೆಚ್ಚುಕಡಿಮಿ ಆದ್ರ ಊರ ನನಗ ಬೈತೈತಿ."

"ಹೌದ್ರಿ ಗೌಡ್ತೇರ. ಒತ್ತಾಯ ಮಾಡಾಂಗಿಲ್ಲ."

ನಾನು ಎದ್ದೆ. ಮೆಟ್ಟಿಲಿಳಿಯುವಾಗ ಒಳಗೆ ಇನ್ನೊಂದು ಎಳೆಯ ದನಿ, ಸೊಸೆಯದು, ಏನೋ ಹೇಳಿದ್ದು ಕೇಳಿತು. ಗೌಡ್ತಿ ನನ್ನನ್ನು ತಡೆದಳು. "ನನ್ನ ಸೊಸಿ ಅಂತಾಳ, ಇಷ್ಟ ವರ್ಷ ಗಂಡನ ಕಾಯ್ದಾಕಿ ಕೈಲೆ ಉಡಿ ತುಂಬಿಸಿಕೊಂಡ್ರ ಕೇಡ ಹ್ಯಾಂಗ ಆಕ್ಕೈತಿ ಅಂತ. ಕರೀತೀನ್ರಿ."

ಕುಬಸದ ದಿನ ಗೌಡರು, ಕುಲಕರ್ಣಿಯವರು, ನಾನು ಪಡಸಾಲೆಯಲ್ಲಿ ಕೂತೆವು. ಆ ಊರಲ್ಲಿ ಯಾರದಾದರೂ ಮನೆಯ ಶುಭಕಾರ್ಯದಲ್ಲಿ ನಾನು ಕೂತದ್ದು ಅದೇ ಮೊದಲು. ಶಾಯಿ ಕಲಕಿ, ಲೇಖಣಿ ಕೆತ್ತಿ ಸಿದ್ಧನಾಗಿದ್ದೆ. ಒಳಗೆ ಆರತಿ ಹಾಡು ಮುಗಿಯಿತು. ಒಬ್ಬೊಬ್ಬರಾಗಿ ಒಡಪು ಹೇಳಿ ನಗುವುದು ಕೇಳುತ್ತಿತ್ತು. ಆಮೇಲೆ ನಗೆ ನಿಂತಿತು.

"ಉಡಿ ತುಂಬಿ ಹಂಗ ಹೊಂಟ್ರ ಹ್ಯಾಂಗವ್ವ," ಎಂದಿತು ಗೌಡ್ತಿಯ ದನಿ. "ಹೆಸರ ಹೇಳೂತನಾ ಬಾಗಲ ಬಿಡಾಂಗಿಲ್ಲ."

ಇನ್ನೂ ನಾಲ್ಕಾರು ಹೆಂಗಸರು ದನಿಗೂಡಿಸಿದರು. ಮೊದಮೊದಲು ಅಂಜುತ್ತ, ಆಮೇಲೆ ನಿಜವಾಗಿಯೂ ಕಾಡುತ್ತ. "ಹೇಳ ಹೇಳ, ನಾಚಬ್ಯಾಡ," ಎಂದು ಯಾರೋ ಅಂದರು. ಅರವತ್ತರ ಹತ್ತಿರದ ಹೆಂಗಸಿಗೆ ಆ ಮಾತು ಅಂದದ್ದು ಕೇಳಿ ನಾನು ಲೇಖಣಿಯನ್ನು ಶಾಯಿಗೆ ಅದ್ದಿದೆ. ಆಮೇಲೆ ಆಕೆಯ ದನಿ ಬಂತು. ಚಾವಡಿಯಲ್ಲಿ ಕೇಳಿದ ದನಿಯಲ್ಲ, ಎಳೆಯದು.

"ಎರಿಹೊಲಕ್ಕ ಬಿಳಿಜ್ವಾಳ ಚಂದ, ಬಿಳಿಜ್ವಾಳಕ್ಕ ಹಾಲತೆನಿ ಚಂದ,
ಉಪ್ಪ ತರಾಕ ಹೋದ ಸಂಗಪ್ಪನ ಮಗ ಕಳಕಪ್ಪ ಮನಿಗಿ ಬಂದ್ರ ನನಗ ಚಂದ."

ಮಾವನ ಹೆಸರನ್ನೂ ಸೇರಿಸಿದ್ದಳು. ನನಗೆ ಅದು ಬೇಕೆಂದು ಆಕೆ ತಿಳಿದುಕೊಂಡಿದ್ದಳು. ಒಳಗೆ ಯಾರೂ ನಗಲಿಲ್ಲ. ಕುಲಕರ್ಣಿಯವರು ಉಪರಣೆಯಿಂದ ಮುಖ ಒರೆಸಿಕೊಂಡರು. ಜಗಲಿಯ ಮೇಲಿದ್ದ ಮಗ ಎದ್ದು ನಿಂತಿದ್ದ. ತನ್ನ ಅಪ್ಪನ ಹೆಸರನ್ನು ಅವನು ಮೊದಲ ಸಲ ಕೇಳಿದ್ದ. "ಕಳಕಪ್ಪ," ಎಂದು ತನ್ನಷ್ಟಕ್ಕೆ ಅಂದುಕೊಂಡ. ನಾನು ಒಡಪನ್ನು ಅಕ್ಷರಕ್ಕಕ್ಷರ ಬರೆದು, ಮರಳು ಉದುರಿಸಿ, ಪಂಚರ ಸಹಿ ಹಾಕಿಸಿಕೊಂಡೆ. ವಂಶಾವಳಿಯಲ್ಲಿ ಕಳಕಪ್ಪ ಉರ್ಫ್ ಅಜ್ಜಪ್ಪ ಎಂದು ತುಂಬಿ, ಮುಂದೆ ಹಯಾತ ಎಂದು ಬರೆದೆ. ಗೌಡರು ಅದನ್ನು ನೋಡಿ ನನ್ನ ಮುಖ ನೋಡಿದರು. ಆಮೇಲೆ ಸಹಿ ಮಾಡಿದರು.

ಅಂದುಕೊಂಡ ಹಾಗೆ ಕಾಗದ ತಿರುಗಿ ಬಂತು. ಹೆಳವನ ಹೇಳಿಕೆ, ಕಡತ, ಒಡಪು ಮೂರೂ ಕೂಡುತ್ತವೆಂದು ಸಾಹೇಬ ಒಪ್ಪಿದ್ದ. ಆದರೆ ಸದರಿ ಕಳಕಪ್ಪ ಹಯಾತ ಇದ್ದರೆ ಕೂಡಲೇ ಹಾಜರುಪಡಿಸಬೇಕೆಂದು ಕೆಂಪು ಶಾಯಿಯಲ್ಲಿ ಬರೆದಿದ್ದ. ರೋಣದ ಕೋಣೆಯಲ್ಲಿ ಆ ಕಾಗದ ಹಿಡಿದು ಬಹಳ ಯೋಚಿಸಿದೆ. ಮಯತ ಎಂದು ತಿದ್ದಿ ಕಳಿಸಿದರೆ ಕೆಲಸ ಮುಗಿಯುತ್ತಿತ್ತು. ಆಕೆಗೆ ಓದಲು ಬಾರದು, ಗೊತ್ತೂ ಆಗುತ್ತಿರಲಿಲ್ಲ. ಲೇಖಣಿ ಅದ್ದಿದೆ, ತಿದ್ದಲು ಕೈ ಏಳಲಿಲ್ಲ. ಬೇರೆ ಕಾಗದ ತೆಗೆದು ಉತ್ತರ ಬರೆದೆ: ಸದರಿ ಇಸಮು ಉಪ್ಪು ತರಲು ಕುಮಟೆಗೆ ಹೋಗಿದ್ದಾನೆ, ಬಂದ ಕೂಡಲೇ ಹಾಜರುಪಡಿಸಲಾಗುವುದು. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾವಾಗ ಹೋದ ಎಂದು ಸಾಹೇಬ ಕೇಳಿರಲಿಲ್ಲ.

ನೌಕರಿ ಹೋದರೆ ಎಲ್ಲಿಗೆ ಹೋಗುವುದೆಂದು ಲೆಕ್ಕ ಹಾಕುತ್ತ ಉತ್ತರ ಕಾದೆ. ಹೋಗಲು ಎಲ್ಲಿಯೂ ಇರಲಿಲ್ಲ. ಹಿಂಗಾರಿ ಬಿತ್ತನೆ ಮುಗಿದ ಮೇಲೆ ಹುಕುಂ ಬಂತು. ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಸೂಡಿಗೆ ಹೋದೆ. ಆಕೆ ಅದೇ ಹೊಲದಲ್ಲಿದ್ದಳು. ನನ್ನನ್ನು ಕಂಡು ಈ ಸಲ ಸರಿಯಲಿಲ್ಲ. ಬದುವಿಗೆ ಬಂದು ನಿಂತಳು. ಓದಿ ಹೇಳಿದೆ: ಕೋಟೆಗೋಡೆಯ ಕಳಕಪ್ಪನ ಮೊಮ್ಮಗ ಕಳಕಪ್ಪನ ಇನಾಮು ಖರೆ ಎಂದು ಸರಕಾರ ಒಪ್ಪಿದೆ. ಅವನು ಬಂದು ಹಾಜರಾಗುವ ತನಕ ಹೊಲ ಅವನ ಹೆಸರಿನಲ್ಲೇ, ಹೆಂಡತಿ ಮಗನ ವಹಿವಾಟಿನಲ್ಲಿ ನಡೆಯತಕ್ಕದ್ದು.

"ಅವರು ಬರೂತನಾ ಅಂತ ಬರದಾರೇನ್ರಿ?"

"ಹೌದವ್ವ. ಬರೂತನಾ."

"ಸಾಹೇಬ ಬರದಾನೇನ್ರಿ? ನೀವಲ್ಲ?"

"ಸಾಹೇಬನ ಸಹಿ ಐತಿ ನೋಡು."

ಆಕೆ ಕಾಗದವನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದಳು. "ಹಂಗಾರ ಸರಕಾರನೂ ಅವರ ದಾರಿ ನೋಡಾಕ ಹತ್ತೇತಿ ಅಂದಂಗಾತು."

"ಹೌದವ್ವ."

"ಇಷ್ಟ ವರ್ಷ ನಾ ಒಬ್ಬಾಕೀನ ನೋಡತಿದ್ನಿರಿ," ಎಂದಳು. ಅಷ್ಟು ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನಾನು ಹುಕುಂ ಮಡಿಚಿ ಬದುವಿನ ಮೇಲೆ ಆಕೆಯ ಪಕ್ಕ ನಿಂತೆ. ಇಬ್ಬರೂ ಸ್ವಲ್ಪ ಹೊತ್ತು ರೋಣದ ದಾರಿಯ ಕಡೆಗೆ ನೋಡಿದೆವು.